ದಪ್ತರಕ್ಕೆ ಕೈಯಿಡುವವರ ಹೊಣೆ

ಕಚೇರಿಯ ದಪ್ತರದಲ್ಲಿ ಒಂದು ಹಾಳೆ ಹರಿದರೆ ಎಷ್ಟು ಮಂದಿ ಅಲೆಯಬೇಕಾಗುವುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಂಡೋಸ್ ಗಣಕಯಂತ್ರದಲ್ಲಿಯೂ ಅಂಥದೊಂದು ದಪ್ತರವುಂಟು. ಅದರ ಹೆಸರು ರಿಜಿಸ್ಟ್ರಿ. 1995ರಲ್ಲಿ ಬಂದ ವಿಂಡೋಸ್ 95ರಿಂದೀಚೆಗೆ ಯಂತ್ರದ ಮತ್ತು ತಂತ್ರಾಂಶಗಳ ಏರ್ಪಾಡುಗಳು ಬಹುಮಟ್ಟಿಗೆ ಅದರಲ್ಲಿಯೇ ದಾಖಲಾಗುತ್ತಿವೆ. ಹೊಸ ತಂತ್ರಾಂಶವನ್ನು ನೆಲೆಗೊಳಿಸುವ ಇನ್‌ಸ್ಟಾಲರು ಈ ದಪ್ತರವನ್ನು ತಿದ್ದುತ್ತದೆ. ನಾವು ಒಮ್ಮೆ ‘ಹೌದು’ ಎಂದು ಒತ್ತಿದರೆ ಸಾಕು, ಅದಕ್ಕೆ ಆ ಅಧಿಕಾರವು ಪ್ರಾಪ್ತವಾಗುತ್ತದೆ.

ಈ ಅಧಿಕಾರವು ಅಜಾಗರೂಕರ ಕೈಸೇರಿದರೆ ಆಗುವ ಅನರ್ಥಕ್ಕೆ ಒಂದು ದೃಷ್ಟಾಂತ ಸಾಕು. ಕಾರ್ಯಕ್ರಮಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಯಂತ್ರಕ್ಕೆ ತಿಳಿಸುವ ‘ಪಾತ್’ ಎಂಬ ಪಟ್ಟಿಯು ರಿಜಿಸ್ಟ್ರಿಯಲ್ಲಿದೆ. ಇನ್‌ಸ್ಟಾಲರುಗಳನ್ನು ರಚಿಸಲು ಅನೇಕರು ಬಳಸುವ ಎನ್‌ಎಸ್‌ಐಎಸ್ ಎಂಬ ಉಚಿತ ಸಾಧನದ ಸಾಮಾನ್ಯ ಆವೃತ್ತಿಯು ಒಮ್ಮೆಗೆ 1024 ಅಕ್ಷರಗಳಷ್ಟು ಬರಹವನ್ನು ಮಾತ್ರ ಹಿಡಿಯಬಲ್ಲುದು. ಪಟ್ಟಿಯು ಅದಕ್ಕಿಂತ ಉದ್ದವಾಗಿದ್ದರೆ ಓದಿದ ಫಲವು ಬರಿದಾಗಿ ಬರುವುದುಂಟು. ಎಚ್ಚರವಿಲ್ಲದೆ ರಚಿತವಾದ ಇನ್‌ಸ್ಟಾಲರು ಆ ಶೂನ್ಯಕ್ಕೆ ತನ್ನ ವಿಳಾಸವನ್ನು ಸೇರಿಸಿ ಮರಳಿ ಬರೆಯುತ್ತದೆ. ಹಳೆಯ ಪಟ್ಟಿಯೆಲ್ಲ ಅಳಿದುಹೋಗುತ್ತದೆ. ಆ ಪಟ್ಟಿಯನ್ನು ನಂಬಿದ್ದ ಇತರ ಕಾರ್ಯಕ್ರಮಗಳು ನಿಂತುಹೋಗುತ್ತವೆ. ಆದರೂ ‘ಕೆಲಸ ಸಾಂಗವಾಯಿತು’ ಎಂಬ ಸಂದೇಶಕ್ಕೆ ಕೊರತೆಯಿಲ್ಲ!

ಹಳೆಯ ಖಾತೆಯು ತನ್ನ ಚಿಕ್ಕ ಪುಸ್ತಕದಲ್ಲಿ ಹಿಡಿಸಲಿಲ್ಲವೆಂದು ಊರವರೆಲ್ಲರ ಹೆಸರನ್ನೂ ಹೊಡೆದುಹಾಕಿ, ಹೊಸಬನೊಬ್ಬನ ಹೆಸರನ್ನು ಬರೆದಿಟ್ಟ ಶಾನುಭೋಗನನ್ನು ಯಾವ ಸರಕಾರ ತಾನೇ ಸಹಿಸೀತು? 8192 ಅಕ್ಷರಗಳನ್ನು ಹಿಡಿಯುವ ವಿಶೇಷ ಆವೃತ್ತಿಯೂ ಅದೇ ಸಾಧನಕ್ಕೆ ಉಂಟು. ಆದುದರಿಂದ ಇದು ದೈವಿಕ ವಿಪತ್ತಲ್ಲ, ಉದಾಸೀನದ ಫಲ.

ಬಳಸುವವರು ತಮ್ಮ ಪ್ರತಿಯನ್ನು ತಾವೇ ಕಾಯ್ದುಕೊಳ್ಳಲಿ ಎಂದು ಕೆಲವರು ವಾದಿಸಬಹುದು. ಆದರೆ ರಿಜಿಸ್ಟ್ರಿಯ ಪ್ರತಿಯನ್ನು ತಾನಾಗಿಯೇ ತೆಗೆದಿಡುತ್ತಿದ್ದ ಏರ್ಪಾಡನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2018ರ ವಿಂಡೋಸ್ 10, 1803ನೆಯ ಆವೃತ್ತಿಯಿಂದ ನಿಲ್ಲಿಸಿತು. ಡಿಸ್ಕಿನಲ್ಲಿ ಸ್ಥಳವನ್ನು ಉಳಿಸುವುದೇ ಅದಕ್ಕೆ ಕಾರಣ. ಅದರ ಬದಲಿಗೆ ಆ ಸಂಸ್ಥೆಯು ಸೂಚಿಸುವುದು ಸಿಸ್ಟಂ ರಿಸ್ಟೋರ್ ವ್ಯವಸ್ಥೆಯನ್ನು. ಅದು ತಮ್ಮ ಯಂತ್ರಗಳಲ್ಲಿ ಚಾಲೂ ಇದೆಯೇ ಎಂದು ಎಷ್ಟು ಕಚೇರಿಗಳು ಪರಿಶೀಲಿಸಿವೆ?

ಅಧಿಕಾರಿಗಳು ಈ ಪರಿಶೀಲನೆಯನ್ನು ಇಂದೇ ಮಾಡಿಸುವುದು ಕ್ಷೇಮ. ಆದರೆ ಮುಖ್ಯ ಹೊಣೆಯು ತಂತ್ರಾಂಶದ ಕರ್ತೃಗಳದೇ ಎಂದು ನಾವು ಬಗೆಯುತ್ತೇವೆ. ಪೂರ್ತಿ ಓದಲಾಗದುದನ್ನು ಅವರು ತಿದ್ದಬಾರದು; ತಿದ್ದುವ ಮುನ್ನ ಪ್ರತಿಯನ್ನಿಡಬೇಕು; ಕೆಲಸ ಕೆಟ್ಟರೆ ಕೆಟ್ಟಿತೆಂದು ಸ್ಪಷ್ಟವಾಗಿ ತಿಳಿಸಬೇಕು. ಅನ್ಯರ ದಪ್ತರವನ್ನು ತಿದ್ದುವ ಅಧಿಕಾರವನ್ನು ಪಡೆದವರು ಇಷ್ಟನ್ನಾದರೂ ಪಾಲಿಸುವುದು ಕರ್ತವ್ಯ.