ಸಂಕಮ್ಮ ಕೊಡದ ಭಾಷೆ

ಎಪ್ಪತ್ತೇಳು ಮಲೆಯ ಒಡೆಯನೆನಿಸಿದ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ರಾತ್ರಿಯಿಡೀ ಹಾಡುತ್ತಾರೆ. ಅದರ ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಈ ಕಾವ್ಯ 1973ರಲ್ಲಿ ಅಚ್ಚಾಯಿತು.

ಅದರಲ್ಲಿ ಸೋಲಿಗರ ಸಂಕಮ್ಮನ ಸಾಲು ಒಂದು ಮನೆಯ ಕಥೆ; ದೇವರ ಕಥೆಯೂ ಹೌದು. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಮರಳುವ ತನಕ ಶೀಲ ಕಾಯುವೆನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಆಕೆ ಕೊಡುವುದಿಲ್ಲ. ಅವನು ಹಿಂಸಿಸಿ, ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಜಂಗಮನಾಗಿ ಬಂದ ಮಾದಪ್ಪ ಅವಳನ್ನು ಬಿಡಿಸುತ್ತಾನೆ. ಬಂಜೆಯೆನಿಸಿದ್ದವಳಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ.

ತಪ್ಪಿಲ್ಲದವಳು ಭಾಷೆ ಕೊಟ್ಟರೆ ಕಳೆದುಕೊಳ್ಳುವುದೇನು? ನಾನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆ ಇದು. ಭಾಷೆ ಕೇಳುವುದರಲ್ಲೇ ಸಂದೇಹವಿದೆ; ಕೊಟ್ಟರೆ ಆ ಸಂದೇಹಕ್ಕೆ ಹಕ್ಕಿದೆಯೆಂದು ಒಪ್ಪಿದಂತೆ. ಜಯನಗರದ ಮನೆಯಲ್ಲಿ ಕುಳಿತು ಅಚ್ಚಿನಲ್ಲಿ ಇದನ್ನು ಓದುವಾಗ, ನಮ್ಮ ಸಂಸಾರಗಳಲ್ಲಿ ಎಷ್ಟು ಭಾಷೆಗಳನ್ನು ಕೇಳಿ ಪಡೆದಿದ್ದೇವೆಂದು ನೆನೆದು ಸಂಕೋಚವಾಗುತ್ತದೆ.

ಹಾಗೆಂದು ದೇವರ ಕೊಡುಗೆಗೂ ಬೆಲೆಯಿಲ್ಲದಿಲ್ಲ. ಆ ಮಕ್ಕಳು ಮಾದಪ್ಪನ ಶಿಶುಮಕ್ಕಳಾಗುತ್ತಾರೆ. ಆದರೂ ಅವನು ಒಲಿದದ್ದು ಭಾಷೆ ಕೊಡದವಳಿಗೆ. ಅದನ್ನು ಗುಡ್ಡರು ಇಂದಿಗೂ ಹಾಡುತ್ತಾರೆ.