ಇದು ಯಾರಿಗೆ ಕೊಟ್ಟ ಉತ್ತರ?

ಮುಕ್ತ ಮಾರುಕಟ್ಟೆ ಮತ್ತು ವ್ಯಕ್ತಿ ಸ್ವಾತಂತ್ರ್ಯದ ಪುಸ್ತಕಗಳನ್ನು ಆರಿಸಿಕೊಳ್ಳುವ ಬಗೆ

1955ರಲ್ಲಿ ದೇಶ ಎರಡನೇ ಪಂಚವಾರ್ಷಿಕ ಯೋಜನೆಗೆ ಸಜ್ಜಾಗುತ್ತಿತ್ತು. ಉಕ್ಕು, ಯಂತ್ರೋಪಕರಣಗಳಂಥ ಭಾರಿ ಕೈಗಾರಿಕೆಗಳಿಗೆ ಮೊದಲ ಮಣೆ ಹಾಕಿದ ಪಿ.ಸಿ. ಮಹಲನೋಬಿಸ್ ಅವರ ಚೌಕಟ್ಟನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞರ ಸಮಿತಿಯೊಂದು ಕೂತಿತ್ತು. ನಾಡಿನ ಹೆಸರಾಂತ ವಿದ್ವಾಂಸರು ಅದರಲ್ಲಿದ್ದರು. ಯೋಜನೆಯ ದಿಕ್ಕನ್ನು ಒಪ್ಪದೆ ಬೇರೆ ನಿಂತವರು ಒಬ್ಬರೇ: ಬೆಳ್ಳಿಕೋತ್ ರಘುನಾಥ ಶೆಣೈ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತ್ ಅವರ ಊರು.

ಅವರು ಬರೆದುಕೊಟ್ಟ ಭಿನ್ನಮತದ ಟಿಪ್ಪಣಿಯ ತಿರುಳು ಸರಳವಾಗಿತ್ತು. ಜನರ ಉಳಿತಾಯ ಎಷ್ಟಿದೆಯೋ ಯೋಜನೆಯ ಗಾತ್ರ ಅಷ್ಟಕ್ಕೆ ಹೊಂದಬೇಕು. ಕೊರತೆಯನ್ನು ಹೊಸ ನೋಟಿನಿಂದ ತುಂಬಿಸಿದರೆ ಬೆಲೆ ಏರುತ್ತದೆ. ಏರಿದ ಬೆಲೆಯನ್ನು ಹಿಡಿಯಲು ನಿಯಂತ್ರಣ ಬರುತ್ತದೆ. ನಿಯಂತ್ರಣ ಬಲಿತಷ್ಟೂ ಪ್ರಜಾಪ್ರಭುತ್ವ ಸೊರಗುತ್ತದೆ. ಯೋಜನೆ ಶುರುವಾಗಿ ಎರಡು ವರ್ಷ ತುಂಬುವುದರೊಳಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದೆರಗಿತು. ಆದರೂ ಶೆಣೈ ಅವರ ಹೆಸರು ನಮ್ಮ ಸಾಮಾನ್ಯ ಓದುಗರ ಕಿವಿಗೆ ಬೀಳುವುದೇ ಅಪರೂಪ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತಿದ್ದಾಗ ಶೆಣೈ 1931ರಲ್ಲಿ ಫ್ರೆಡ್ರಿಕ್ ಹಯೆಕ್ ಅವರ ಉಪನ್ಯಾಸಗಳನ್ನು ಕೇಳಿದ್ದರು. ಹಯೆಕ್, ಮಿಲ್ಟನ್ ಫ್ರೀಡ್ಮನ್, ಲುಡ್ವಿಗ್ ಮೀಸಸ್, ರಾಬರ್ಟ್ ನೋಜಿಕ್ ಮೊದಲಾದವರ ಬರಹಗಳು ಇಂದು ‘ಲಿಬರ್ಟೇರಿಯನ್’ ಎಂಬ ಹಣೆಪಟ್ಟಿಯಡಿ ಪುಸ್ತಕದಂಗಡಿಗಳಲ್ಲಿ ಒಟ್ಟಿಗೆ ಸಿಗುತ್ತವೆ. ಯಾವುದರಿಂದ ಶುರು ಮಾಡುವುದು ಎಂಬುದೇ ಹೊಸ ಓದುಗರ ತೊಡಕು. ಬಹಳಷ್ಟು ಮಂದಿ ಐನ್ ರ‍್ಯಾಂಡ್ ಅವರ ಸಾವಿರ ಪುಟ ಮೀರಿದ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿಗೆ ಕೈಹಾಕುತ್ತಾರೆ. ಕೆಲವರು ಅದಕ್ಕೆ ಪೂರ್ತಿ ಮನಸೋಲುತ್ತಾರೆ, ಉಳಿದವರು ಇಡೀ ವಿಚಾರಕ್ಕೇ ಬೆನ್ನು ತಿರುಗಿಸುತ್ತಾರೆ. ಎರಡೂ ನಷ್ಟವೇ. ನನ್ನ ಮಟ್ಟಿಗೆ ಈ ಪುಸ್ತಕಗಳನ್ನು ಆರಿಸಲು ಒಂದು ಪ್ರಶ್ನೆ ಸಾಕು: ಇದು ಯಾರಿಗೆ ಕೊಟ್ಟ ಉತ್ತರ? ಈ ಪರಂಪರೆಯ ಒಳ್ಳೆಯ ಪುಸ್ತಕಗಳೆಲ್ಲ ಯಾವುದೋ ಜಗಳದ ನಡುವೆ ಹುಟ್ಟಿದವು. ಎದುರಾಳಿ ಯಾರೆಂದು ಗೊತ್ತಾದರೆ ಪುಸ್ತಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೂರ್ಯನ ಮೇಲೊಂದು ದೂರು

ಮೊದಲು ಓದಬೇಕಾದವರು ಫ್ರಾನ್ಸಿನ ಫ್ರೆಡರಿಕ್ ಬಾಸ್ತಿಯಾ. ಆಮದು ಸರಕಿಗೆ ಸುಂಕ ಹಾಕಿ ನಮ್ಮನ್ನು ಕಾಪಾಡಿ ಎಂದು ಸರ್ಕಾರದ ಬಾಗಿಲು ತಟ್ಟುತ್ತಿದ್ದ ಉದ್ಯಮಿಗಳಿಗೆ ಅವರು 1845ರಲ್ಲಿ ಕೊಟ್ಟ ಉತ್ತರ ಒಂದು ಕಾಲ್ಪನಿಕ ಅರ್ಜಿಯ ರೂಪದಲ್ಲಿದೆ. ಅರ್ಜಿದಾರರು ಮೇಣದಬತ್ತಿ, ದೀಪ, ಎಣ್ಣೆಯ ವ್ಯಾಪಾರಿಗಳು. ತೀರಾ ಅಗ್ಗದ ದರದಲ್ಲಿ ಬೆಳಕನ್ನು ತಂದು ಸುರಿಯುವ ಪರದೇಶಿ ಪ್ರತಿಸ್ಪರ್ಧಿಯೊಬ್ಬನಿಂದ ತಮ್ಮ ಕಸುಬು ಕೆಟ್ಟಿತೆಂದು ಅವರು ಶಾಸನಸಭೆಗೆ ದೂರುತ್ತಾರೆ. ಆ ಪ್ರತಿಸ್ಪರ್ಧಿ ಸೂರ್ಯ. ಕಿಟಕಿ, ಗವಾಕ್ಷಿ, ಸಂದುಗೊಂದುಗಳನ್ನೆಲ್ಲ ಮುಚ್ಚಿಸುವ ಕಾನೂನು ತನ್ನಿ ಎಂಬುದು ಅವರ ಬೇಡಿಕೆ. ಹಾಗೆ ಮಾಡಿದರೆ ಕೊಬ್ಬಿಗಾಗಿ ದನ ಕುರಿ ಸಾಕುವವರಿಗೆ, ಎಣ್ಣೆಗಾಗಿ ಆಲಿವ್ ಬೆಳೆಯುವವರಿಗೆ, ತಿಮಿಂಗಿಲ ಹಿಡಿಯುವ ಹಡಗಿನವರಿಗೆ, ಹೀಗೆ ಎಲ್ಲರಿಗೂ ಕೆಲಸ ಸಿಗುತ್ತದೆಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಒಂದೇ ಕೂತಲ್ಲಿ ಓದಿ ಮುಗಿಸಬಹುದಾದ ಬರಹವಿದು. ಆಮದು ಸುಂಕದ ಸುದ್ದಿ ಬಂದಾಗ ‘ಇದರ ಬೆಲೆ ತೆರುವವರು ಯಾರು’ ಎಂದು ಕೇಳುವ ಅಭ್ಯಾಸವನ್ನು ಇದರಷ್ಟು ಚೆನ್ನಾಗಿ ಕಲಿಸುವ ಬರಹ ನನಗೆ ಬೇರೆ ಗೊತ್ತಿಲ್ಲ.

ಬಾಸ್ತಿಯಾ ತೀರಿಕೊಂಡ 1850ರಲ್ಲೇ ಬಂದ ಇನ್ನೊಂದು ಪ್ರಬಂಧ ಕಣ್ಣಿಗೆ ಕಾಣುವ ಮತ್ತು ಕಾಣದ ಪರಿಣಾಮಗಳನ್ನು ಕುರಿತದ್ದು. ಒಡೆದ ಕಿಟಕಿಯ ಗಾಜು ಹಾಕಲು ಬಂದವನಿಗೆ ಸಿಕ್ಕ ಕೂಲಿ ಎಲ್ಲರಿಗೂ ಕಾಣುತ್ತದೆ. ಅದೇ ದುಡ್ಡಿನಲ್ಲಿ ಮನೆಯವನು ಕೊಳ್ಳಬಹುದಾಗಿದ್ದ ಜೋಡು ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಪತ್ರಕರ್ತ ಹೆನ್ರಿ ಹ್ಯಾಜ್ಲಿಟ್ 1946ರಲ್ಲಿ ಈ ಒಂದೇ ಎಳೆಯನ್ನು ಹಿಡಿದು ‘ಎಕನಾಮಿಕ್ಸ್ ಇನ್ ಒನ್ ಲೆಸನ್’ ಬರೆದರು. ಬಾಡಿಗೆ ನಿಯಂತ್ರಣ, ಕನಿಷ್ಠ ಕೂಲಿ, ಸುಂಕ ಒಂದೊಂದಕ್ಕೂ ಅವರು ಆ ಪಾಠವನ್ನು ಅನ್ವಯಿಸುತ್ತಾರೆ. ಹ್ಯಾಜ್ಲಿಟ್ ಅವರ ಎದುರಾಳಿ ಜಾನ್ ಮೇನಾರ್ಡ್ ಕೇನ್ಸ್. ಕೆಲಸಗಾರರೂ ಯಂತ್ರಗಳೂ ಸುಮ್ಮನೆ ಕೂತಿರುವ ಆರ್ಥಿಕ ಕುಸಿತದಲ್ಲಿ ಸರ್ಕಾರ ಖರ್ಚು ಮಾಡಿದರೆ ಹೊಸ ಉತ್ಪಾದನೆಯೇ ಹುಟ್ಟಬಹುದು ಎಂಬ ಕೇನ್ಸ್ ವಾದವನ್ನು ತಿಳಿಯದೆ ಹ್ಯಾಜ್ಲಿಟ್ ಓದಿದರೆ ಪಂದ್ಯದ ಅರ್ಧವನ್ನಷ್ಟೇ ನೋಡಿದಂತೆ.

ಬ್ರೆಜಿಲ್‌ನ ಮಂಜು, ಕೊಡಗಿನ ಕಾಫಿ

ಎರಡನೆಯದು ಪುಸ್ತಕವಲ್ಲ, ಹಯೆಕ್ 1945ರಲ್ಲಿ ಬರೆದ ‘ದಿ ಯೂಸ್ ಆಫ್ ನಾಲೆಜ್ ಇನ್ ಸೊಸೈಟಿ’ ಎಂಬ ಲೇಖನ. ಬೇಕಾದ ಅಂಕಿಅಂಶವೆಲ್ಲ ಯೋಜನಾ ಕಚೇರಿಯ ಮೇಜಿಗೆ ಬಂದರೆ ಅಲ್ಲಿಂದಲೇ ಆರ್ಥಿಕತೆಯನ್ನು ನಡೆಸಬಹುದು ಎಂದು ನಂಬಿದ್ದವರಿಗೆ ಅದು ಉತ್ತರ. ಯಾವ ಗದ್ದೆಗೆ ಯಾವ ತಳಿ ಒಗ್ಗುತ್ತದೆ, ಯಾವ ಗಿರಾಕಿಗೆ ಎಂಥ ಮಾಲು ಬೇಕು ಎಂಬ ತಿಳಿವಳಿಕೆ ಲಕ್ಷಾಂತರ ಜನರಲ್ಲಿ ಚೂರುಚೂರಾಗಿ ಹರಡಿರುತ್ತದೆ. ಅದನ್ನು ಒಂದೆಡೆ ರಾಶಿ ಹಾಕಲು ಬರುವುದಿಲ್ಲ. ಒಬ್ಬರಿಂದೊಬ್ಬರಿಗೆ ಅದನ್ನು ದಾಟಿಸುವುದು ಬೆಲೆ. ಹಯೆಕ್ ಕೊಟ್ಟ ಉದಾಹರಣೆ ತವರದ್ದು. ತವರ ಯಾಕೆ ದುಬಾರಿಯಾಯಿತೆಂದು ತಿಳಿಯದವರೂ ಬೆಲೆ ಏರಿದೊಡನೆ ಅದನ್ನು ಹಿತಮಿತವಾಗಿ ಬಳಸತೊಡಗುತ್ತಾರೆ.

ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮಲೆನಾಡಿನಲ್ಲೇ ಇದೆ. 1942ರ ಕಾಫಿ ಕಾಯ್ದೆಯ ನಂತರ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಮನೆ ಬಳಕೆಗೆ ಬಿಟ್ಟಿದ್ದನ್ನು ಹೊರತುಪಡಿಸಿ ಉಳಿದ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೇ ಒಪ್ಪಿಸಬೇಕಿತ್ತು. ಮಂಡಳಿ ಮಾರುತ್ತಿತ್ತು, ಬೆಳೆಗಾರರಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ಹೊರಗಿನ ಪೇಟೆಯಲ್ಲಿ ಇಂದು ದರ ಏನಾಗಿದೆ ಎಂಬುದು ತೋಟದ ಲೆಕ್ಕಾಚಾರಕ್ಕೆ ನೇರವಾಗಿ ತಾಕುತ್ತಲೇ ಇರಲಿಲ್ಲ. 1992ರಿಂದ ಹಂತಹಂತವಾಗಿ ಈ ಕಟ್ಟು ಸಡಿಲಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳನ್ನು ಹೆಪ್ಪುಗಟ್ಟಿದ ಮಂಜು ಸುಟ್ಟಿತು. ಜಗತ್ತಿನ ದರ ಜಿಗಿಯಿತು. ಆ ಜಿಗಿತ ಈ ಬಾರಿ ಮಡಿಕೇರಿ, ಮೂಡಿಗೆರೆಯ ತೋಟಗಳಿಗೂ ಮುಟ್ಟಿತು. ಬ್ರೆಜಿಲ್‌ನ ಹವಾಮಾನ ವರದಿ ಓದದವರಿಗೂ ಗಿಡಕ್ಕೆ ಗೊಬ್ಬರ ಹಾಕಲು, ತೋಟ ವಿಸ್ತರಿಸಲು ಕಾರಣ ಸಿಕ್ಕಿತು. ಹಯೆಕ್ ಹೇಳಿದ್ದು ಇದನ್ನೇ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ವಿಯೆಟ್ನಾಂ ಕಾಫಿ ಹೇರಳವಾಗಿ ಪೇಟೆಗೆ ಬಂದ ಮೇಲೆ 2001–02ರ ಹೊತ್ತಿಗೆ ದರ ನೆಲಕಚ್ಚಿತು. ಸಾಲದಲ್ಲಿ ಸಿಕ್ಕಿಬಿದ್ದ ಸಣ್ಣ ಬೆಳೆಗಾರರು ಸರ್ಕಾರದ ನೆರವು ಕೇಳಬೇಕಾಯಿತು. ಬೆಲೆ ಸುದ್ದಿ ತರುತ್ತದೆ, ನಿಜ. ಕೆಟ್ಟ ಸುದ್ದಿ ಬಂದ ದಿನ ಸಣ್ಣವರು ಅದನ್ನು ತಡೆದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡೇ ಹಯೆಕ್ ಓದಬೇಕು.

1944ರ ಎರಡು ಪುಸ್ತಕಗಳು

ಹಯೆಕ್ ಅವರ ಹೆಸರು ಮನೆಮಾತಾದದ್ದು 1944ರ ‘ದಿ ರೋಡ್ ಟು ಸರ್ಫ್‌ಡಮ್’ನಿಂದ. ಯುದ್ಧಕಾಲದ ಯೋಜನಾ ವ್ಯವಸ್ಥೆಯನ್ನು ಶಾಂತಿಕಾಲಕ್ಕೂ ಮುಂದುವರಿಸಬೇಕೆಂದು ಬಯಸಿದ್ದ ಬ್ರಿಟನ್ನಿನ ಚಿಂತಕರಿಗೆ ಅದು ಎಚ್ಚರಿಕೆ. ಯಾರು ಏನು ಉತ್ಪಾದಿಸಬೇಕೆಂದು ಅಧಿಕಾರವೇ ತೀರ್ಮಾನಿಸತೊಡಗಿದರೆ ಭಿನ್ನಮತಕ್ಕೆ ಜಾಗ ಉಳಿಯುವುದಿಲ್ಲ ಎಂಬುದು ಅದರ ವಾದ. ಮರುವರ್ಷ ‘ರೀಡರ್ಸ್ ಡೈಜೆಸ್ಟ್’ ಅದರ ಸಂಗ್ರಹ ರೂಪವನ್ನು ಅಚ್ಚುಹಾಕಿದಾಗ ಅಮೆರಿಕದ ಮನೆಮನೆಗೂ ಅದು ತಲುಪಿತು. ಸಂಗ್ರಹವನ್ನು ಬಿಟ್ಟು ಮೂಲವನ್ನೇ ಓದಬೇಕು ಎನ್ನಲು ಕಾರಣವಿದೆ. ಶ್ರೀಮಂತ ಸಮಾಜವೊಂದು ತನ್ನ ಎಲ್ಲ ಜನರಿಗೆ ಕನಿಷ್ಠ ಅನ್ನ, ವಸತಿ, ಬಟ್ಟೆಯ ಭದ್ರತೆ ಕೊಡಬಹುದೆಂದು ಹಯೆಕ್ ಅಲ್ಲಿ ಒಪ್ಪುತ್ತಾರೆ. ಅವರ ಹೆಸರು ಹೇಳಿ ಎಲ್ಲ ಬಗೆಯ ನೆರವನ್ನೂ ಹಳಿಯುವವರು ಆ ಪುಟಗಳಿಗೆ ಬಂದಿರುವುದಿಲ್ಲ.

ಬ್ರೆಟ್ಟನ್ ವುಡ್ಸ್ ಸಮ್ಮೇಳನಕ್ಕೆ ಹೋಗುವ ದಾರಿಯಲ್ಲಿ ಈ ಪುಸ್ತಕ ಓದಿದ ಕೇನ್ಸ್, ಹಯೆಕ್ ಅವರಿಗೆ ಮೆಚ್ಚುಗೆಯ ಕಾಗದ ಬರೆದರು. ಜೊತೆಗೇ ಮರ್ಮದ ಜಾಗ ಮುಟ್ಟಿದರು: ಗೆರೆ ಎಳೆಯಬೇಕೆಂದು ನೀವೂ ಒಪ್ಪುತ್ತೀರಿ, ಎಲ್ಲಿ ಎಳೆಯಬೇಕೆಂದು ಹೇಳುವುದಿಲ್ಲ ಎಂಬುದು ಆ ಕಾಗದದ ಆಕ್ಷೇಪ. ಹಯೆಕ್ 1960ರಲ್ಲಿ ಪ್ರಕಟಿಸಿದ ‘ದಿ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ’ಯಲ್ಲಿ ಆ ಗೆರೆಯನ್ನು ಹುಡುಕುವ ದೀರ್ಘ ಯತ್ನವಿದೆ.

ಅದೇ 1944ರಲ್ಲಿ ಬಂದ ಇನ್ನೊಂದು ಪುಸ್ತಕ ಕಾರ್ಲ್ ಪೊಲಾನಿ ಅವರ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’. ಹಯೆಕ್ ಅವರಂತೆ ಪೊಲಾನಿಯೂ ವಿಯೆನ್ನಾದಲ್ಲಿ ಹುಟ್ಟಿದವರು, ಯುರೋಪಿನ ಅದೇ ಕುಸಿತವನ್ನು ಕಂಡವರು. ಅವರು ಮುಟ್ಟಿದ ನಿರ್ಣಯ ಮಾತ್ರ ತದ್ವಿರುದ್ಧ. ದುಡಿಮೆ, ನೆಲ, ಹಣ ಮೂರನ್ನೂ ಮಾರುವ ಸರಕಾಗಿಸಿದ್ದರಿಂದಲೇ ಸಮಾಜ ತತ್ತರಿಸಿ ಸರ್ವಾಧಿಕಾರಕ್ಕೆ ದಾರಿಯಾಯಿತು ಎನ್ನುತ್ತಾರೆ ಅವರು. ಒಂದೇ ರೋಗಕ್ಕೆ ಒಂದೇ ವರ್ಷ ಬರೆದ ಈ ಎರಡು ನಿದಾನಗಳನ್ನು ಬೆನ್ನುಬೆನ್ನಿಗೆ ಓದಿದವರು ಮುಂದೆ ಯಾವ ಪಕ್ಷದ ಭಾಷಣಕ್ಕೂ ಸುಲಭವಾಗಿ ತಲೆದೂಗುವುದಿಲ್ಲ.

ನ್ಯಾಯದ ಲೆಕ್ಕ

ಮಾರುಕಟ್ಟೆ ಫಲ ಕೊಡುತ್ತದೆಯೇ ಎಂಬುದು ಒಂದು ಪ್ರಶ್ನೆ, ಅದು ನ್ಯಾಯವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ರಾಬರ್ಟ್ ನೋಜಿಕ್ ಅವರ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ (1974) ಬೇಕು. ಹಾರ್ವರ್ಡ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಜಾನ್ ರಾಲ್ಸ್ 1971ರಲ್ಲಿ ಬರೆದ ‘ಎ ಥಿಯರಿ ಆಫ್ ಜಸ್ಟಿಸ್’ಗೆ ಅದು ಉತ್ತರ. ತೀರಾ ಕೆಳಗಿರುವವರಿಗೆ ಒಳಿತಾಗುವಂತಿದ್ದರೆ ಮಾತ್ರ ಅಸಮಾನತೆ ಸರಿ ಎಂದರು ರಾಲ್ಸ್. ನೋಜಿಕ್ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್ ಅವರನ್ನು ಮುಂದಿಟ್ಟರು. ಹತ್ತು ಲಕ್ಷ ಜನ ತಾವಾಗಿ ತಲಾ 25 ಸೆಂಟ್ ಕೊಟ್ಟು ಅವರ ಆಟ ನೋಡಿದರೆ ಅವರು ಸಿರಿವಂತರಾಗುತ್ತಾರೆ. ಎಲ್ಲರೂ ಒಪ್ಪಿ ಕೊಟ್ಟ ಹಣ ಅನ್ಯಾಯವಾದದ್ದು ಎಲ್ಲಿ?

ನೋಜಿಕ್ ಒಂದು ಷರತ್ತನ್ನೂ ಹಾಕುತ್ತಾರೆ: ಆಸ್ತಿ ಮೊದಲು ಕೈಸೇರಿದ್ದು ನ್ಯಾಯವಾಗಿರಬೇಕು, ಇಲ್ಲದಿದ್ದರೆ ಅದನ್ನು ಸರಿಪಡಿಸಬೇಕು. ಹೇಗೆ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ನೆಲದ ಒಡೆತನವನ್ನೇ ಜಾತಿ ನಿರ್ಧರಿಸಿದ ನಾಡಿನಲ್ಲಿ ಈ ಷರತ್ತೇ ಮುಖ್ಯ ಪ್ರಶ್ನೆ. ಆದ್ದರಿಂದ ನೋಜಿಕ್ ಜೊತೆಗೆ ಅಂಬೇಡ್ಕರ್ 1947ರಲ್ಲಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಓದಲೇಬೇಕು. ಸರ್ಕಾರ ಹಿಂದೆ ಸರಿದರೆ ಉಳಿಯುವ ಸ್ವಾತಂತ್ರ್ಯ ಯಾರದು ಎಂದು ಅವರು ಕೇಳುತ್ತಾರೆ. ಗೇಣಿ ಏರಿಸುವ ಜಮೀನ್ದಾರನದು, ಕೆಲಸದ ಗಂಟೆ ಹೆಚ್ಚಿಸುವ ಮಾಲೀಕನದು ಎಂಬುದು ಅವರ ಉತ್ತರ. ಮೂಲ ಕೈಗಾರಿಕೆಗಳೂ ಕೃಷಿಯೂ ಸರ್ಕಾರದ ಕೈಲಿರಬೇಕೆಂದು ಅವರು ಅಲ್ಲಿ ಸೂಚಿಸಿದ್ದರು. ಇದಕ್ಕೂ ಒಂದು ಮರುತ್ತರ ಬಂದಿದೆ. ದೇವೇಶ್ ಕಪೂರ್, ಡಿ. ಶ್ಯಾಮ್ ಬಾಬು ಮತ್ತು ಚಂದ್ರಭಾನ್ ಪ್ರಸಾದ್ 2014ರಲ್ಲಿ ಹೊರತಂದ ‘ಡಿಫೈಯಿಂಗ್ ದಿ ಆಡ್ಸ್’, ಮಾರುಕಟ್ಟೆಯ ಮೂಲಕವೇ ಮೇಲೆ ಬಂದ ದಲಿತ ಉದ್ಯಮಿಗಳ ಬದುಕನ್ನು ದಾಖಲಿಸುತ್ತದೆ. ಈ ಮೂರನ್ನು ಒಟ್ಟಿಗೆ ಓದಿದರೆ ಅಮೆರಿಕದ ತರಗತಿಯ ಚರ್ಚೆ ನಮ್ಮೂರಿನ ಚರ್ಚೆಯಾಗುತ್ತದೆ.

ನಮ್ಮವರ ವಾದ

ಯೋಜನೆಯ ಪರವಾದ ಮೊದಲ ಗಟ್ಟಿ ದನಿಗಳಲ್ಲೊಂದು ಮೈಸೂರಿನದೇ. ಸರ್ ಎಂ. ವಿಶ್ವೇಶ್ವರಯ್ಯ 1934ರಲ್ಲಿ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಪ್ರಕಟಿಸಿ, ಹತ್ತು ವರ್ಷಗಳಲ್ಲಿ ದೇಶದ ವರಮಾನವನ್ನು ಇಮ್ಮಡಿಗೊಳಿಸುವ ಯೋಜನೆ ಮುಂದಿಟ್ಟರು. ಕೈಗಾರಿಕೆ ಬೆಳೆಯಗೊಡದ ವಸಾಹತು ಆಡಳಿತಕ್ಕೆ ಅದು ಉತ್ತರವಾಗಿತ್ತು. ಅದನ್ನು ಓದಿ ಶೆಣೈ ಅವರ ಟಿಪ್ಪಣಿ ಓದಿದರೆ ಇಬ್ಬರ ಕಾಳಜಿಯೂ ನಾಡಿನ ಬಡತನವೇ ಆಗಿತ್ತೆಂದು ತಿಳಿಯುತ್ತದೆ. 1955ರಲ್ಲೇ ಭಾರತಕ್ಕೆ ಬಂದಿದ್ದ ಫ್ರೀಡ್ಮನ್ ಸರ್ಕಾರಕ್ಕೆ ಬರೆದುಕೊಟ್ಟ ಟಿಪ್ಪಣಿಯನ್ನೂ ಇವುಗಳ ಪಕ್ಕ ಇಡಬಹುದು. ಯಂತ್ರಗಳಷ್ಟೇ ಮನುಷ್ಯರ ಮೇಲೂ ಹಣ ಹೂಡಬೇಕೆಂಬ ಒತ್ತು ಅದರಲ್ಲಿದೆ. ಅವರ ‘ಕ್ಯಾಪಿಟಲಿಸಂ ಅಂಡ್ ಫ್ರೀಡಂ’ (1962) ಚಿಕ್ಕದು, ಅಧ್ಯಾಯಗಳು ಬಿಡಿಬಿಡಿಯಾಗಿವೆ, ನಡುವಿನಿಂದಲೂ ಶುರು ಮಾಡಬಹುದು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ರಾಜಾಜಿ 80ರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷ ಕಟ್ಟಿದರು. ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂಬ ಮಾತು ಅವರದು. 1967ರ ಲೋಕಸಭೆಗೆ ಪಕ್ಷ 44 ಸದಸ್ಯರನ್ನು ಕಳಿಸಿತು. ‘ಸ್ವರಾಜ್ಯ’ ಪತ್ರಿಕೆಯಲ್ಲಿ ಅವರು ಬರೆದ ಲೇಖನಗಳಲ್ಲಿ ಆರ್ಥಿಕ ಸ್ವಾತಂತ್ರ್ಯ ಮತ್ತು ನೈತಿಕ ಸಂಯಮ ಒಟ್ಟಿಗೇ ನಡೆಯುತ್ತವೆ. ಪಶ್ಚಿಮದ ಲಿಬರ್ಟೇರಿಯನ್ ಬರಹದಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. 1991ರ ಬದಲಾವಣೆಯ ಕಥನಕ್ಕೆ ಗುರುಚರಣ್ ದಾಸ್ ಅವರ ‘ಇಂಡಿಯಾ ಅನ್‌ಬೌಂಡ್’ ಇದೆ. ನಂತರದ ಜಗಳಕ್ಕೆ 2013ರ ಎರಡು ಪುಸ್ತಕಗಳು: ಭಗವತಿ–ಪನಗಾರಿಯಾ ಜೋಡಿಯ ‘ವೈ ಗ್ರೋತ್ ಮ್ಯಾಟರ್ಸ್’, ಡ್ರೇಜ್–ಸೇನ್ ಜೋಡಿಯ ‘ಆ್ಯನ್ ಅನ್‌ಸರ್ಟನ್ ಗ್ಲೋರಿ’.

ಕೆಲವನ್ನು ಆಮೇಲೆ ಓದಿದರೂ ನಡೆಯುತ್ತದೆ. ಮೀಸಸ್ ಅವರ ‘ಹ್ಯೂಮನ್ ಆ್ಯಕ್ಷನ್’ ಬೃಹತ್ ಗ್ರಂಥ, ಅಡಿಪಾಯ ಗಟ್ಟಿಯಾದ ಮೇಲೆ ಸಾಕು. ಆ್ಯಡಂ ಸ್ಮಿತ್ ಅವರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ (1776) ಮೊದಲ ಕೆಲವು ಅಧ್ಯಾಯಗಳನ್ನೂ ಈಸ್ಟ್ ಇಂಡಿಯಾ ಕಂಪನಿ ಕುರಿತ ಪುಟಗಳನ್ನೂ ಮೊದಲು ಓದಿ. ವ್ಯಾಪಾರಿ ಕಂಪನಿಯೇ ದೊರೆಯಾದರೆ ಆಗುವ ಅನಾಹುತವನ್ನು ಮುಕ್ತ ವ್ಯಾಪಾರದ ಮೂಲಪುರುಷನೇ ಅಲ್ಲಿ ಖಾರವಾಗಿ ಖಂಡಿಸಿದ್ದಾನೆ. ಮುಕ್ತ ಮಾರುಕಟ್ಟೆ ಎಂದರೆ ದೊಡ್ಡ ಉದ್ಯಮಿಗಳ ವಕಾಲತ್ತು ಎಂಬ ತಪ್ಪು ತಿಳಿವಳಿಕೆ ಆ ಪುಟಗಳಲ್ಲೇ ಕಳಚುತ್ತದೆ.

ಇವುಗಳಲ್ಲಿ ಬಹುಪಾಲನ್ನು ನಾವು ಓದಬೇಕಿರುವುದು ಇಂಗ್ಲಿಷಿನಲ್ಲಿ. ಎಪಿಎಂಸಿಯಲ್ಲಿ ಮಾಲು ಮಾರುವ ರೈತ, ಪರವಾನಗಿಗೆ ಅಲೆಯುವ ಬೀದಿಬದಿ ವ್ಯಾಪಾರಿ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹಳ್ಳಿಯ ಹುಡುಗಿ, ಇವರಿಗೆ ನೇರವಾಗಿ ತಟ್ಟುವ ವಾದ ಇವರ ಭಾಷೆಯಲ್ಲಿ ನಡೆಯದೆ ಹೋದರೆ ತೀರ್ಮಾನವೂ ಇವರನ್ನು ಕೇಳದೆಯೇ ಆಗುತ್ತದೆ. ಬಾಸ್ತಿಯಾ ಬರಹಗಳಿಗೆ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಮೇಣದಬತ್ತಿಯವರ ಅರ್ಜಿ ಕೆಲವೇ ಪುಟಗಳದ್ದು; ಫ್ರೆಂಚ್ ಬಲ್ಲ ಕನ್ನಡಿಗರೊಬ್ಬರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಎದುರು ಪುಟದಲ್ಲಿ ಅದಕ್ಕೊಂದು ಸಮರ್ಥ ಖಂಡನೆಯನ್ನೂ ಅಚ್ಚುಹಾಕಿ ಕಾಲೇಜುಗಳಿಗೆ ಹಂಚಬೇಕು. ಎರಡೂ ಕಡೆಯ ವಾದವನ್ನು ತನ್ನ ಭಾಷೆಯಲ್ಲೇ ಕೇಳಿ ತೂಗಿ ನೋಡುವ ಅವಕಾಶ ಪ್ರತಿಯೊಬ್ಬ ಕನ್ನಡಿಗನಿಗೂ ಸಲ್ಲಬೇಕು. ವ್ಯಕ್ತಿ ಸ್ವಾತಂತ್ರ್ಯದ ಪರ ಇರುವವರಿಗೆ ಇದಕ್ಕಿಂತ ಮೊದಲ ಕೆಲಸ ಇನ್ನೊಂದಿಲ್ಲ.