ಕೂದಲು ಕಸಿಯ ನಂತರ ಹೊಟ್ಟಿನ ಔಷಧಿ ಶಾಂಪೂ: ಯಾವಾಗ, ಹೇಗೆ?



ಒಂದು ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಯಿಂದ ತಾಯಿ ಮಗ ಇಬ್ಬರು ನಮ್ಮ ಚರ್ಮರೋಗ ವಿಭಾಗಕ್ಕೆ ಬಂದಿದ್ದರು. ಮಗನಿಗೆ ಮದುವೆ ಗೊತ್ತಾಗಿತ್ತು. ಬೆಂಗಳೂರಿನಲ್ಲಿ ಕೂದಲು ಕಸಿ ಮಾಡಿಸಿಕೊಂಡು ಊರಿಗೆ ಬಂದು ನಾಲ್ಕು ದಿನವಾಗಿತ್ತು. "ಸಿಸ್ಟರಮ್ಮ, ತಲೆ ತುಂಬಾ ಹೊಟ್ಟು ಎದ್ದಿತ್ತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಹೊಟ್ಟಿನ ಶಾಂಪೂ ತಂದು ನಾನೇ ಚೆನ್ನಾಗಿ ಉಜ್ಜಿ ತೊಳೆದೆ" ಎಂದರು ಆ ತಾಯಿ. ಮಡಿಸಿ ತಂದಿದ್ದ ಟವೆಲನ್ನು ಬಿಚ್ಚಿ ತೋರಿಸಿದರು. ಅದರಲ್ಲಿ ರಕ್ತದ ಕಲೆ ಇತ್ತು, ಬುಡದಲ್ಲಿ ಮಾಂಸದ ಚೂರು ಅಂಟಿಕೊಂಡ ಪುಟ್ಟ ಪುಟ್ಟ ಕೂದಲುಗಳಿದ್ದವು. ಸಾಲ ಮಾಡಿ ನಾಟಿ ಮಾಡಿಸಿದ್ದ ಕೂದಲುಗಳು ಅವು.

ಆ ತಾಯಿ ತೊಳೆದದ್ದು ಹೊಟ್ಟನ್ನಲ್ಲ, ಗಾಯದ ಹಕ್ಕಳೆಯನ್ನು. ಅವರದೇನೂ ತಪ್ಪಿಲ್ಲ. ಆರೈಕೆಯ ವಿಧಾನ ಬರೆದುಕೊಟ್ಟಿದ್ದ ಚೀಟಿ ಮಗನ ಜೇಬಿನಲ್ಲೇ ಇತ್ತು, ಆದರೆ ಅದು ಇಂಗ್ಲಿಷಿನಲ್ಲಿತ್ತು. ನಮ್ಮ ಆಸ್ಪತ್ರೆಯಲ್ಲಿ ಕೂದಲು ಕಸಿ ಮಾಡುವುದಿಲ್ಲ. ಆದರೂ ಬೇರೆ ಕಡೆ ಮಾಡಿಸಿಕೊಂಡು ಬಂದು ನಮ್ಮಲ್ಲಿ ಸಲಹೆ ಕೇಳುವವರು ಇರುವುದರಿಂದ ಈ ವಿಷಯವನ್ನು ಕನ್ನಡದಲ್ಲಿ ಬರೆಯಬೇಕೆನಿಸಿತು. ಬೋಳುತಲೆ ಒಂದು ಕಾಯಿಲೆಯೇ ಎಂದು ನಗುವವರಿದ್ದಾರೆ. ನಗುವುದು ಬೇಡ. ಹೆಣ್ಣು ನೋಡಲು ಹೋಗಿ ತಲೆಯ ಕಾರಣಕ್ಕೇ ಬೇಡ ಎನಿಸಿಕೊಂಡ ಹುಡುಗರ ಸಂಕಟ, ತಲೆ ಸುಟ್ಟು ಕಲೆಯಾದ ಹೆಣ್ಣುಮಕ್ಕಳ ಸಂಕಟ ನಾವು ಕಂಡಿದ್ದೇವೆ.

ಮೊದಲು ಕಸಿ ಎಂದರೇನು ತಿಳಿಯೋಣ

ಮಾವಿನ ತೋಟದವರಿಗೆ ಕಸಿ ಎಂಬ ಮಾತು ಹೊಸದಲ್ಲ. ಆದರೆ ತಲೆಯ ಕಸಿ ಮಾವಿನ ಕಸಿಗಿಂತ ಟೊಮೆಟೊ ಸಸಿಯ ನಾಟಿಗೆ ಹತ್ತಿರ. ಹಿಂದಲೆಯಿಂದ ಕೂದಲನ್ನು ಬೇರುಸಮೇತ ತೆಗೆದು, ಮುಂದಲೆಯಲ್ಲಿ ಸಣ್ಣ ರಂಧ್ರ ಮಾಡಿ ಒಂದೊಂದಾಗಿ ಕೂರಿಸುತ್ತಾರೆ. ಹಿಂದಲೆಯ ಕೂದಲು ಮುಂದಕ್ಕೆ ಬಂದರೂ ತನ್ನ ಗುಣ ಬಿಡದೆ ಬೆಳೆಯುತ್ತದೆ ಎಂದು ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಈಗಿನ ಕಸಿಯೆಲ್ಲ ಆ ತಿಳಿವಿನ ಮೇಲೆ ನಿಂತಿದೆ. ಆದರೆ ಹಿಂದಲೆಯ ಕೂದಲು ಎಣಿಕೆಯದು. ನಾಟಿ ಮಾಡಿದ್ದು ಕಿತ್ತು ಬಂದರೆ ಮತ್ತೆ ನರ್ಸರಿಗೆ ಹೋಗಿ ಸಸಿ ತರುವಂತಿಲ್ಲ.

ನಾಟಿಯಾದ ಮೇಲೆ ಪ್ರತಿ ರಂಧ್ರದ ಬಾಯಲ್ಲೂ ಸ್ವಲ್ಪ ರಕ್ತ, ಸ್ವಲ್ಪ ಕೀವಲ್ಲದ ತಿಳಿ ನೀರು ಒಸರಿ ಒಣಗಿ ಹಕ್ಕಳೆ ಕಟ್ಟುತ್ತದೆ. ದೂರದಿಂದ ನೋಡಿದರೆ ಹೊಟ್ಟಿನಂತೆಯೇ ಕಾಣುತ್ತದೆ, ತುರಿಸುತ್ತದೆ ಕೂಡ. ನಿಜವಾದ ತಲೆಹೊಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟಿನಲ್ಲಿ ನಮ್ಮೆಲ್ಲರ ತಲೆಯ ಎಣ್ಣೆಜಿಡ್ಡನ್ನು ತಿಂದು ಬದುಕುವ ಮಲಸೇಜಿಯ ಎಂಬ ಸೂಕ್ಷ್ಮ ಶಿಲೀಂಧ್ರದ ಪಾತ್ರವಿದೆ. ಕೀಟೊಕೊನಜೋಲ್ ಇರುವ ಶಾಂಪೂ ಆ ಶಿಲೀಂಧ್ರವನ್ನು ತಗ್ಗಿಸುತ್ತದೆ. ಹಕ್ಕಳೆಯ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಹಸಿ ಗಾಯಕ್ಕೆ ತಗುಲಿದರೆ ಉರಿ ಮಾತ್ರ ಬರುತ್ತದೆ. ಚರ್ಮ ಒಡೆದಿದ್ದರೆ ಅಥವಾ ಉರಿಯೂತವಿದ್ದರೆ ಹಚ್ಚಬೇಡಿ ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಮಾರುವ ಇಂಥ ಶಾಂಪೂವಿನ ಬಾಟಲಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ.

ಮೊದಲ ಹತ್ತು ದಿನ

ನಾಟಿಯಾದ ಕೂದಲು ಎಷ್ಟು ದಿನಕ್ಕೆ ಭದ್ರವಾಗುತ್ತದೆ ಎಂಬುದನ್ನು ಬರ್ನ್‌ಸ್ಟೈನ್ ಮತ್ತು ರಾಸ್ಮನ್ ಎಂಬ ಅಮೆರಿಕದ ವೈದ್ಯರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಮೊದಲ ಎರಡು ದಿನ ಕೂದಲು ಹಿಡಿದು ಎಳೆದರೆ ಬೇರೇ ಬಂದುಬಿಡುತ್ತದೆ. ಅಂಟಿಕೊಂಡ ಹಕ್ಕಳೆಯನ್ನು ಕಿತ್ತರೆ ಐದನೆಯ ದಿನದವರೆಗೂ ಅದರ ಜೊತೆ ಬೇರು ಬರಬಹುದು. ಒಂಬತ್ತನೆಯ ದಿನದ ಹೊತ್ತಿಗೆ ಬೇರು ಹಿಡಿದಿರುತ್ತದೆ. ಶ್ರೀನಿವಾಸಪುರದ ಆ ತಾಯಿ ತೊಳೆದದ್ದು ನಾಲ್ಕನೆಯ ದಿನ.

ಆದ್ದರಿಂದ ಮೊದಲ ತಲೆಸ್ನಾನ ಎಂದು, ಹೇಗೆ ಎಂಬುದನ್ನು ಕಸಿ ಮಾಡಿದ ವೈದ್ಯರೇ ಹೇಳಬೇಕು. ಅವರು ಹೇಳಿದ ಮೃದುವಾದ ಸಾದಾ ಶಾಂಪೂವನ್ನು ನೀರಿನಲ್ಲಿ ಕದಡಿ, ನೊರೆಯನ್ನು ಮೇಲಿನಿಂದ ಬಿಟ್ಟು, ಉಗುರು ಬೆಚ್ಚಗಿನ ನೀರನ್ನು ಚೊಂಬಿನಿಂದ ಮೆಲ್ಲಗೆ ಸುರಿಯುವುದು ವಾಡಿಕೆ. ನಲ್ಲಿಯ ಕೆಳಗೆ, ಷವರ್ ಕೆಳಗೆ ತಲೆ ಕೊಡಬಾರದು. ಟವೆಲಿನಿಂದ ಉಜ್ಜಬಾರದು, ಒತ್ತಿ ನೀರು ತೆಗೆದರೆ ಸಾಕು. ವಾರ ಕಳೆದ ಮೇಲೆ, ವೈದ್ಯರು ಆಗಬಹುದೆಂದರೆ, ಬೆರಳ ತುದಿಯ ಮೆತ್ತನೆಯ ಭಾಗದಿಂದ ಹಕ್ಕಳೆಯನ್ನು ನೆನೆಸಿ ಸಡಿಲಿಸಬಹುದು. ಉಗುರು ತಾಗಕೂಡದು.

ಇಲ್ಲಿ ನಮ್ಮ ಜಿಲ್ಲೆಯ ನೀರಿನ ಮಾತು ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯೂ ಬಹಳಷ್ಟು ಮನೆಗಳಲ್ಲಿ ಆಳದ ಬೋರ್‌ವೆಲ್ ನೀರು, ಗಡಸು ನೀರು. ನೊರೆ ಬರುವುದಿಲ್ಲ. ನೊರೆ ಬರಲಿಲ್ಲವೆಂದು ಇನ್ನಷ್ಟು ಶಾಂಪೂ ಸುರಿಯುತ್ತಾರೆ, ಇನ್ನಷ್ಟು ಉಜ್ಜುತ್ತಾರೆ. ಅಪಾಯ ಇರುವುದು ಆ ಉಜ್ಜುವಿಕೆಯಲ್ಲಿ. ಮೊದಲ ಹತ್ತು ಹದಿನೈದು ದಿನ ತಲೆಗೆ ಮಾತ್ರ ಶುದ್ಧ ನೀರಿನ ಘಟಕದ ಒಂದು ಕ್ಯಾನು ನೀರು ಮೀಸಲಿಡಿ, ಅದು ಹೆಚ್ಚಿನ ಖರ್ಚಲ್ಲ. ನಮ್ಮ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ, ಬೇರಿಗೆ ತೊಂದರೆಯೇ ಎಂದು ಕೆಲವರು ಕೇಳುತ್ತಾರೆ. ಫ್ಲೋರೈಡಿನ ಚಿಂತೆ ಕುಡಿಯುವ ನೀರಿಗೆ ಸೇರಿದ್ದು, ತಲೆಸ್ನಾನಕ್ಕಲ್ಲ. (ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಇದೇ ನೆಪದಲ್ಲಿ ನೆನಪಿಡಿ.) ಕೆರೆ, ಕೃಷಿ ಹೊಂಡಗಳಲ್ಲಿ ಮುಳುಗುವುದು ಮಾತ್ರ ಒಂದು ತಿಂಗಳು ಬೇಡವೇ ಬೇಡ. ನಮ್ಮ ಅನೇಕ ಕೆರೆಗಳಿಗೆ 2018ರಿಂದ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಅಂತರ್ಜಲಕ್ಕೆ ಬಂದ ನೀರು, ಗಾಯದ ತಲೆಗಲ್ಲ.

ದಿನವೂ ಲಿಂಗಪೂಜೆ ಮಾಡುವ ಮನೆಗಳಲ್ಲಿ ಹಿರಿಯರು ತಲೆಸ್ನಾನಕ್ಕೆ ಒತ್ತಾಯ ಮಾಡುವುದುಂಟು. ಈ ಕೆಲವು ದಿನ ಕುತ್ತಿಗೆಯ ಕೆಳಗೆ ಸ್ನಾನ ಮಾಡಿ ಪೂಜೆಗೆ ಕೂರಬಹುದು. ವಿಭೂತಿಯನ್ನು ಹುಬ್ಬುಗಳ ನಡುವೆ, ತೋಳಿನಲ್ಲಿ, ಎದೆಯ ಮೇಲೆ ಧರಿಸಿ. ಹಣೆಯ ಮೇಲ್ಭಾಗದ ಹೊಸ ಸಾಲಿಗೆ ಮುಟ್ಟಿಸಬೇಡಿ. ಸೀಗೆಪುಡಿ, ಅಂಟುವಾಳ, ನಿಂಬೆಹಣ್ಣು, ಈರುಳ್ಳಿ ರಸ, ಹರಳೆಣ್ಣೆ ಯಾವುದೂ ಬೇಡ. ಯುಗಾದಿಯ ಎಣ್ಣೆಸ್ನಾನ ನಡುವೆ ಬಂದರೂ ಈ ಸಲ ತಲೆಗೆ ಎಣ್ಣೆ ಬಿಡಿ. ಹೆಲ್ಮೆಟ್ ಒತ್ತುತ್ತದೆಂದು ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವವರಿದ್ದಾರೆ. ಅಷ್ಟು ದಿನ ಬಸ್ಸಿನಲ್ಲಿ ಹೋಗಿ. ತಲೆಯ ಮೇಲೆ ಟೊಮೆಟೊ ಕ್ರೇಟು ಹೊರುವವರು ಎಂದಿನಿಂದ ಹೊರಬಹುದೆಂದು ವೈದ್ಯರನ್ನು ಕೇಳಿಯೇ ಕೆಲಸಕ್ಕೆ ಹೋಗಿ.

ಔಷಧಿ ಶಾಂಪೂ ಯಾವಾಗ?

ಹಕ್ಕಳೆ ಪೂರ್ತಿ ಉದುರಿ, ಚರ್ಮ ಮುಚ್ಚಿ, ಮುಟ್ಟಿದರೆ ಉರಿ ಇಲ್ಲದಂತಾದ ಮೇಲೆ, ಅದೂ ನಿಜವಾಗಿ ಹೊಟ್ಟು ಅಥವಾ ಜಿಡ್ಡಿನ ತುರಿಕೆ ಇದ್ದರೆ ಮಾತ್ರ. ಕೆಲವು ವೈದ್ಯರು ಎರಡು ವಾರದ ನಂತರ ಬರೆಯುತ್ತಾರೆ, ಕೆಲವರು ತಿಂಗಳು ಕಾಯಿಸುತ್ತಾರೆ. ನಿಮ್ಮ ಚೀಟಿಯಲ್ಲಿರುವ ದಿನವೇ ಲೆಕ್ಕ. ಪಕ್ಕದ ಮನೆಯವರ ದಿನ ನಿಮಗೆ ಬೇಡ. ಮೊದಲಿನಿಂದಲೂ ಹೊಟ್ಟು ಇದ್ದವರು ಅದನ್ನು ಕಸಿಗೆ ಮುಂಚೆಯೇ ತಿಳಿಸಿ ಗುಣಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಸಾಮಾನ್ಯವಾಗಿ ಬರೆಯುವುದು ಶೇ. 2ರ ಕೀಟೊಕೊನಜೋಲ್ ಶಾಂಪೂ. ವಾರಕ್ಕೆ ಎರಡು ಸಲ, ನಡುವೆ ಮೂರು ದಿನ ಬಿಟ್ಟು, ಎರಡರಿಂದ ನಾಲ್ಕು ವಾರ. ತಲೆ ಒದ್ದೆ ಮಾಡಿ, ಅಂಗೈಯಲ್ಲಿ ನೊರೆ ಮಾಡಿಕೊಂಡು ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಹಚ್ಚಿದ ತಕ್ಷಣ ತೊಳೆದರೆ ಔಷಧಿ ಕೆಲಸ ಮಾಡುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಹೆಚ್ಚು ಗುಣವೂ ಇಲ್ಲ, ಚರ್ಮ ಒಣಗುತ್ತದೆ. ಗಡಿಯಾರ ನೋಡಿಕೊಳ್ಳಿ. ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯಿರಿ. ಗರ್ಭಿಣಿಯರು, ಹಾಲೂಡಿಸುವವರು ಮೊದಲೇ ವೈದ್ಯರಿಗೆ ತಿಳಿಸಿ.

ಕೀಟೊಕೊನಜೋಲ್ ಲಿವರಿಗೆ ಕೆಟ್ಟದ್ದೆಂದು ಕೇಳಿ ಹೆದರಿ ಬರುವವರೂ ಇದ್ದಾರೆ. ಆ ಎಚ್ಚರಿಕೆ ನುಂಗುವ ಮಾತ್ರೆಗೆ ಸಂಬಂಧಿಸಿದ್ದು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಮಾತ್ರೆಯ ಬಳಕೆಯನ್ನು ಬಹಳ ಮಿತಗೊಳಿಸಿತು. ಆರೋಗ್ಯವಾದ ಚರ್ಮಕ್ಕೆ ಹಚ್ಚಿ ತೊಳೆಯುವ ಶಾಂಪೂವಿನಿಂದ ಔಷಧಿ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗೆಂದು ಅಂಗಡಿಯಲ್ಲಿ ಶಾಂಪೂ ಕೇಳಿ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಸ್ಟೀರಾಯ್ಡ್ ಬೆರೆಸಿದ ತುರಿಕೆ ಮುಲಾಮನ್ನೂ ಹಚ್ಚಬೇಡಿ. ಸೆಲೀನಿಯಂ ಇರುವ ಹೊಟ್ಟಿನ ಶಾಂಪೂ ಬರೆದುಕೊಟ್ಟಿದ್ದರೆ ಉಂಗುರ, ಓಲೆ ತೆಗೆದಿಟ್ಟು ಹಚ್ಚಿ, ಒಡವೆ ಕಪ್ಪಾಗಬಹುದು.

ಮನೆಯಲ್ಲಿ ಮಕ್ಕಳ ತಲೆಯಲ್ಲಿ ಕೂದಲುದುರಿದ ಬಿಲ್ಲೆಗಳಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಶಾಂಪೂ ಒಂದರಿಂದಲೇ ಹೋಗುವುದಿಲ್ಲ, ಮಗುವನ್ನು ಕರೆತನ್ನಿ. ಬಾಚಣಿಗೆ, ಟವೆಲು, ದಿಂಬಿನ ಕವರು ಬೇರೆ ಇರಲಿ.

"ಶಾಂಪೂ ಹಾಕಿದ್ದಕ್ಕೇ ಕೂದಲೆಲ್ಲ ಹೋಯಿತು"

ಈ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ನಾಟಿಯಾದ ಎರಡರಿಂದ ಆರು ವಾರದೊಳಗೆ ಹೊಸ ಕೂದಲಿನ ಎಳೆಗಳಲ್ಲಿ ಹೆಚ್ಚಿನವು ಉದುರುತ್ತವೆ. ಔಷಧಿ ಶಾಂಪೂ ಶುರುವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ತಪ್ಪು ಶಾಂಪೂವಿನ ತಲೆಗೆ ಬರುತ್ತದೆ. ಉದುರುವುದು ಎಳೆ ಮಾತ್ರ, ಬೇರು ಚರ್ಮದೊಳಗೆ ವಿಶ್ರಾಂತಿಯಲ್ಲಿರುತ್ತದೆ. ನಾಟಿ ಮಾಡಿದ ಸಸಿ ಒಮ್ಮೆ ಬಾಡಿ ನಂತರ ಚಿಗುರುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರು ಶುರು, ಒಳ್ಳೆಯ ರೂಪ ಬರಲು ಒಂಬತ್ತರಿಂದ ಹನ್ನೆರಡು ತಿಂಗಳು. ಮದುವೆಯ ದಿನ ಗೊತ್ತುಮಾಡುವವರು ಈ ಲೆಕ್ಕ ಹಾಕಿಕೊಳ್ಳಿ.

ವ್ಯತ್ಯಾಸ ಗುರುತಿಸುವುದು ಹೀಗೆ. ಮೂರನೆಯ ವಾರ ರಕ್ತವಿಲ್ಲದೆ, ನೋವಿಲ್ಲದೆ ಬಂದ ಕೂದಲಿಗೆ ಹೆದರಬೇಕಿಲ್ಲ. ಮೊದಲ ವಾರದಲ್ಲಿ ಬುಡದಲ್ಲಿ ಮಾಂಸದ ಚೂರು ಸಮೇತ ಬಂದು, ಆ ಜಾಗದಲ್ಲಿ ರಕ್ತ ಒಸರಿದರೆ ಬೇರು ಹೋಗಿದೆ ಎಂದರ್ಥ. ಶುದ್ಧ ಗಾಜ್ ಬಟ್ಟೆಯಿಂದ ಹಗುರವಾಗಿ ಒತ್ತಿ ಹಿಡಿದು, ಕಸಿ ಮಾಡಿದ ಕಡೆಗೆ ಫೋನು ಮಾಡಿ. ಎರಡನೆಯ ತಿಂಗಳ ನಂತರ ಚಿಗುರುವ ಜಾಗದಲ್ಲಿ ಒಂದೆರಡು ಮೊಡವೆಯಂಥ ಗುಳ್ಳೆ ಬರುವುದುಂಟು, ಹಿಸುಕಬೇಡಿ. ಆದರೆ ಕೀವು, ಹರಡುವ ಕೆಂಪು, ದಿನೇ ದಿನೇ ಹೆಚ್ಚುವ ನೋವು, ಜ್ವರ, ದುರ್ವಾಸನೆ, ಚರ್ಮ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರ ಹತ್ತಿರ ಹೋಗಬೇಕು. ಔಷಧಿ ಶಾಂಪೂ ಹಚ್ಚಿದ ಮೇಲೆ ಮುಖ ಊದಿದರೆ ಅಥವಾ ಮೈಮೇಲೆ ದದ್ದು ಎದ್ದರೆ ತೊಳೆದು ನಿಲ್ಲಿಸಿ ಬನ್ನಿ. ಉಸಿರು ಕಟ್ಟಿದರೆ 108ಕ್ಕೆ ಫೋನು ಮಾಡಿ.

ಶ್ರೀನಿವಾಸಪುರದ ಆ ಹುಡುಗನಿಗೆ ಮುಂದಲೆಯ ಒಂದು ಭಾಗದಲ್ಲಿ ಮಾತ್ರ ನಷ್ಟವಾಗಿತ್ತು, ಉಳಿದದ್ದು ಹಿಡಿಯಿತು. ಅವನ ತಾಯಿ ಈಗಲೂ ಬಂದಾಗ ಆ ಟವೆಲಿನ ಮಾತು ಎತ್ತುತ್ತಾರೆ.

ನಮ್ಮ ಹೊರರೋಗಿ ವಿಭಾಗಕ್ಕೆ ಬರುವಾಗ ಕಸಿ ಮಾಡಿದ ಕಡೆ ಕೊಟ್ಟ ಚೀಟಿಯನ್ನೂ, ತಲೆಗೆ ಹಚ್ಚಿದ ಪ್ರತಿಯೊಂದು ಬಾಟಲಿಯನ್ನೂ ತನ್ನಿ. ಚೀಟಿ ಇಂಗ್ಲಿಷಿನಲ್ಲಿದ್ದರೆ ಸಂಕೋಚಪಡಬೇಡಿ, ಸಿಸ್ಟರ್‌ಗಳು ಓದಿ ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತಾರೆ. ಬಾಟಲಿ ಖಾಲಿಯಾಗಿದ್ದರೂ ಸರಿ, ಮೇಲಿನ ಲೇಬಲ್ ಇದ್ದರೆ ಸಾಕು.